ಬಳ್ಳಾರಿ ದಾರಿಯ ಬಾಡಿಗೆ ಮನೆ

ಚಳ್ಳಕೆರೆಯ ಹಳೇ ಊರಿನಲ್ಲಿ ನಮಗಿದ್ದದ್ದು ಒಂದೇ ಕೋಣೆ. ಮೊಳಕಾಲ್ಮೂರಿನಿಂದ ಮದುವೆಯಾಗಿ ಬಂದವಳು ಮೊದಲ ಆರು ತಿಂಗಳು ಆ ಕೋಣೆಯ ಹೊಗೆಯಲ್ಲೇ ಕಳೆದೆ. ನಾಲ್ಕು ಸಂಸಾರಕ್ಕೆ ಒಂದು ಬಚ್ಚಲು. ನನ್ನ ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಒಂದು ಸಂಜೆ ಅವರು ಪೇಟ ತೆಗೆಯುವ ಮೊದಲೇ ಸುದ್ದಿ ಹೇಳಿದರು.

"ಮನೆ ಸಿಕ್ತು. ಬಳ್ಳಾರಿ ದಾರಿ ಮೇಲೆ, ಹೊಸ ಬಡಾವಣೆಯಾಗೆ. ಐದು ಅಂಕಣದ ಮಾಳಿಗೆ ಮನೆ. ಹಿತ್ತಲಾಗೆ ಬಾವಿ ಐತೆ. ಕಚೇರಿಗೆ ಹೋಗಾಕೆ ಕಾಲು ಗಂಟೆ ಸಾಕು. ತಳಕಿನ ಕಡೆ ಹೋಗೋ ಗಾಡಿಯೆಲ್ಲ ಬಾಗ್ಲ ಮುಂದೇ ಹಾದು ಹೋಗ್ತಾವೆ. ನಿನ್ನ ತವರಿಗೆ ಹೋಗ್ಬೇಕಂದ್ರೆ ಹೊಸ್ತಿಲ ಮೇಲೆ ನಿಂತು ಕೈ ಅಡ್ಡ ಹಿಡಿದ್ರಾತು."

ಅಷ್ಟು ದೊಡ್ಡ ಮನೆ ನಮ್ಮಂಥವರಿಗೆ ಯಾಕೆ ಸಿಕ್ಕಿತು ಎಂದು ಕೇಳಿದೆ. ಅವರು ಪೇಟ ತೆಗೆದು ಗೂಟಕ್ಕೆ ಹಾಕಿ ಹೇಳಿದರು. ಮನೆ ಒಬ್ಬ ಕಂಬಳಿ ವ್ಯಾಪಾರಿಯದು. ಹಿಂದಿನ ವರ್ಷ ಊರಿಗೆ ಪಿಳೇಗು ರೋಗ ಬಂದಾಗ ಅವನ ಮಗ, ಸೊಸೆ, ಎರಡು ಮಕ್ಕಳು ಮನೆ ಬಿಟ್ಟು ಹೊಲದ ಗುಡಿಸಲಿಗೆ ಹೋದರು. ಅಲ್ಲೇ ಎಂಟು ದಿನದಲ್ಲಿ ನಾಲ್ವರೂ ತೀರಿಕೊಂಡರು. "ಮನೆಯಾಗೆ ಯಾರೂ ಸತ್ತಿಲ್ಲ" ಎಂದು ಅವರು ಎರಡು ಸಲ ಹೇಳಿದರು.

ಹೊಸ ಬಡಾವಣೆ ಎಂದರೆ ಹೆಸರಿಗೆ ಬಡಾವಣೆ. ಊರೊಳಗಿನ ಇಕ್ಕಟ್ಟಿನಲ್ಲಿ ರೋಗ ಹೆಚ್ಚುತ್ತದೆಂದು ಸರ್ಕಾರ ಅಳೆದು ಕಲ್ಲು ನೆಟ್ಟಿತ್ತು. ಕಲ್ಲುಗಳು ಸಾಲಾಗಿದ್ದವು, ಮನೆಗಳು ನಾಲ್ಕು. ಅದರಲ್ಲಿ ಎರಡಕ್ಕೆ ಬೀಗ, ಒಂದಕ್ಕೆ ಇನ್ನೂ ಮಾಳಿಗೆ ಹಾಕಿರಲಿಲ್ಲ. ಬೆಳಿಗ್ಗೆ ಗಂಡ ಕಚೇರಿಗೆ ಹೊರಟ ಮೇಲೆ ಸಂಜೆಯವರೆಗೂ ನನಗೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಗುರುತಿಲ್ಲದವರಿಗೆ ಬಾಗಿಲು ತೆಗೆಯಬೇಡ ಎಂದು ಅವರು ಹೇಳಿದ್ದರಿಂದ ಅಗುಳಿ ಹಾಕಿಕೊಂಡೇ ಇರುತ್ತಿದ್ದೆ.

ಮನೆಯನ್ನು ಸುಣ್ಣ ಬಳಿದು ಕೊಟ್ಟಿದ್ದರು. ಆದರೂ ಸುಣ್ಣ ಮುಚ್ಚದ ಗುರುತುಗಳಿದ್ದವು. ನಡುಮನೆಯ ತೊಲೆಗೆ ತೊಟ್ಟಿಲಿನ ಬಳೆ ಹಾಗೇ ಉಳಿದಿತ್ತು, ಹಗ್ಗ ಉಜ್ಜಿ ಉಜ್ಜಿ ಅದರ ಒಳಮೈ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅಡುಗೆಮನೆಯ ಒಳಕಲ್ಲಿನ ಪಕ್ಕದ ನೆಲ ಒಬ್ಬಳು ಹೆಂಗಸು ಕುಳಿತೂ ಕುಳಿತೂ ನುಣುಪಾಗಿತ್ತು. ನಾನು ರುಬ್ಬಲು ಕುಳಿತರೆ ಸರಿಯಾಗಿ ಅದೇ ಜಾಗಕ್ಕೆ ಬರುತ್ತಿದ್ದೆ. ಬೇರೆ ಕಡೆ ಕುಳಿತು ನೋಡಿದೆ, ತೋಳಿಗೆ ಅಳತೆ ಸಿಗಲಿಲ್ಲ.

ಬಂದು ಮೂರು ವಾರವಾಗಿರಬೇಕು. ಬಿಸಿಲು ಏರುವ ಹೊತ್ತಿಗೆ ಜಗಲಿಯ ಮೇಲೆ ಕೋಲು ಊರಿದ ಸದ್ದಾಯಿತು.

"ಅವ್ವಾ, ಮಜ್ಜಿಗೆ ತಂದೀನಿ."

ಸಂದಿನಿಂದ ನೋಡಿದೆ. ಒಬ್ಬ ಮುದುಕಿ. ತಲೆಯ ಮೇಲೆ ಗಡಿಗೆ. ಎರಡೂ ಕಣ್ಣಿಗೆ ಹಾಲಿನಂಥ ಪೊರೆ.

"ಇದೇ ಮನೆಗಾ?" ಎಂದೆ.

"ಇನ್ಯಾವ ಮನೆಗೆ? ವರ್ಷ ಆತು ನೋಡು ತಾಯಿ ನಿನ್ನ ದನಿ ಕೇಳಿ. ರೋಗಕ್ಕೆ ಅಂಜಿ ನಮ್ಮ ಹಟ್ಟಿಯೋರೆಲ್ಲ ಕುರಿ ಹೊಡ್ಕೊಂಡು ತೆಲುಗು ಸೀಮೆ ಕಡೆ ಹೋಗಿದ್ವಿ. ಮೊನ್ನೆ ಬಂದ್ವಿ. ನೀನು ಮೊಳಕಾಲ್ಮೂರಿನಾಕೆ ಅಲ್ಲೇನು, ಮರ್ತೆ ಏನು ನನ್ನ?"

"ಅವುನು" ಎಂದೆ. ನಮ್ಮ ಕಡೆ ತೆಲುಗು ಬೆರೆತ ಮಾತು. ಹೌದು ಎನ್ನುವುದಕ್ಕೆ ನನ್ನ ಬಾಯಲ್ಲಿ ಅದೇ ಬರುತ್ತಿತ್ತು. ಮೊಳಕಾಲ್ಮೂರಿನವಳು ಹೌದು ಎಂಬುದಷ್ಟೇ ನನ್ನ ಉತ್ತರ.

ಮುದುಕಿ ನಕ್ಕಳು. "ಅದೇ ಅವುನು. ಕೂಸು ನಡೀತೈತಾ?"

ಆಗ ಹೇಳಬೇಕಿತ್ತು. ಸತ್ತ ಸೊಸೆಯೂ ನನ್ನ ಊರಿನ ಕಡೆಯವಳೇ ಎಂಬುದು ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಮುದುಕಿಗೆ ಯಾರೂ ಏನೂ ಹೇಳಿಲ್ಲ ಎಂಬುದೂ ತಿಳಿಯಿತು. ಆಮೇಲೆ ತಿಳಿದಂತೆ ಅವಳು ಹೊಲದ ಮೇಲಿನ ಕಾಲುದಾರಿಯಲ್ಲಿ ನೇರ ಇಲ್ಲಿಗೆ ಬರುವವಳು, ಗಾಡಿಗಳಿಗೆ ಅಂಜಿ ಊರೊಳಗೆ ಕಾಲಿಡುತ್ತಿರಲಿಲ್ಲ. ಹೇಳಿದರೆ ಕೋಲು ಊರಿಕೊಂಡು ತಿರುಗಿ ಹೋಗುತ್ತಾಳೆ. ಮೂರು ವಾರದಲ್ಲಿ ನನ್ನನ್ನು ತಾಯಿ ಎಂದು ಕರೆದ ಒಂದೇ ದನಿ ಅದು.

"ನಡೀತೈತೆ" ಎಂದೆ.

ಬಾಗಿಲನ್ನು ಗೇಣು ತೆಗೆದು ಪಾತ್ರೆ ಇಟ್ಟೆ. ಮಜ್ಜಿಗೆ ಹೊಯ್ದು, ನಾನು ಕೊಟ್ಟ ಸೇರು ಜೋಳ ಸೆರಗಿಗೆ ಕಟ್ಟಿಕೊಂಡು ಹೋದಳು.

ಮಾರನೆಯ ದಿನ ಬಂದಳು, ಅದರ ಮಾರನೆಯ ದಿನವೂ. ಕೂಸಿಗೆ ಹಲ್ಲು ಬಂದವೇ ಎಂದು ಕೇಳಿದಳು. ನಾಲ್ಕು ಬಂದಾವೆ ಎಂದೆ. ದೊಡ್ಡವನ ದನಿಯೇ ಇಲ್ಲವಲ್ಲ ಎಂದಳು. ಅಜ್ಜಿ ಮನೆಗೆ ಹೋಗ್ಯಾನೆ ಎಂದೆ. ಕೂಸಿಗೆ ಗಂಟಲು ಕಟ್ಟೈತೆ ಎಂದಾಗ ಬಜೆ ತೇಯ್ದು ನೆಕ್ಕಿಸು ಎಂದು ಹೇಳಿಕೊಟ್ಟಳು. ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುತ್ತಾ, ನಾಳೆ ಏನು ಕೇಳಬಹುದು, ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಹಾಗೆ ಯೋಚಿಸುವಾಗ ಹಿತ್ತಲ ಬಾಗಿಲನ್ನು ಸುಮ್ಮನೆ ಮುಂದೆ ಮಾಡಿ ಬರುತ್ತಿದ್ದೆ. ಬಾವಿಯ ಕಡೆ ಕೂಸು ಹೋದೀತು ಎಂದು. ಒಂದು ದಿನ ನನ್ನ ಕೈ ಅಗುಳಿಯ ಮೇಲಿದ್ದಾಗಲೇ ಅದು ಅರಿವಿಗೆ ಬಂತು. ತೊಲೆಯ ಕೆಳಗೆ ನಡೆಯುವಾಗ ತಲೆ ತಗ್ಗಿಸುವುದನ್ನೂ ಕಲಿತಿದ್ದೆ. ತೊಟ್ಟಿಲು ತೂಗುತ್ತಿದ್ದರೆ ಎಷ್ಟು ತಗ್ಗಿಸಬೇಕೋ ಅಷ್ಟು. ಗಂಡನಿಗೆ ಏನೂ ಹೇಳಲಿಲ್ಲ. ಅವರು ಈ ಮನೆಗೆ ಬಂದ ಮೇಲೆ ನನ್ನ ಮೈ ಹಿಡಿದಿದೆ ಎಂದು ಸಂತೋಷಪಡುತ್ತಿದ್ದರು.

ಮನೆಯ ಯಜಮಾನನಾದ ಕಂಬಳಿ ವ್ಯಾಪಾರಿ ಬಾಡಿಗೆಗೆಂದು ತಿಂಗಳಿಗೊಮ್ಮೆ ಬರುತ್ತಿದ್ದ. ಎತ್ತರದ ಆಳು, ಬಗ್ಗಿದ ಬೆನ್ನು. ಒಳಗೆ ಬನ್ನಿ ಎಂದರೆ ಬರುತ್ತಿರಲಿಲ್ಲ. ಜಗಲಿಯ ತುದಿಯಲ್ಲಿ ಸ್ವಲ್ಪ ಹೊತ್ತು ಕುಳಿತು ಎದ್ದು ಹೋಗುತ್ತಿದ್ದ. ಒಂದು ಬೆಳಿಗ್ಗೆ ಅವನು ಬಂದು ಕುಳಿತದ್ದು ನನಗೆ ತಿಳಿಯಲಿಲ್ಲ.

"ಕೂಸಿನ ಗಂಟ್ಲು ವಾಸಿ ಆತಾ ತಾಯಿ?" ಮುದುಕಿ ಕೇಳಿದಳು.

"ಅವುನವ್ವ, ವಾಸಿ ಆತು. ಈಗಷ್ಟೇ ಮಲಗೈತೆ. ಮೆಲ್ಲಗೆ ಮಾತಾಡು."

ಮುದುಕಿ ದನಿ ತಗ್ಗಿಸಿ ಒಂದೆರಡು ಮಾತಾಡಿ ಹೋದಳು. ಕೋಲಿನ ಸದ್ದು ದೂರವಾದ ಮೇಲೆ ಜಗಲಿಯ ಆ ತುದಿಯಿಂದ ಗಂಡಸಿನ ದನಿ ಬಂತು.

"ಯಾವ ಕೂಸು, ತಾಯಿ?"

ನಾನು ಬಾಗಿಲಿಗೆ ಹಣೆ ಹಚ್ಚಿ ನಿಂತೆ. ಬಯ್ಯಲಿ ಎಂದು ಕಾದೆ. ಅವನು ಬಯ್ಯಲಿಲ್ಲ.

"ನಮ್ಮ ಸೊಸೆನೂ ಹಿಂಗೇ ಅಂತಿದ್ಲು" ಎಂದ. "ಮೆಲ್ಲಗೆ ಮಾತಾಡ್ರಿ ಮಾವ, ಈಗಷ್ಟೇ ಮಲಗೈತೆ ಅಂತ."

ಎದ್ದು ಹೋದ. ಮಾರನೆಯ ಬೆಳಿಗ್ಗೆ ಮತ್ತೆ ಬಂದ, ಮುದುಕಿ ಬರುವುದಕ್ಕೆ ಸ್ವಲ್ಪ ಮುಂಚೆ. ಕೆಮ್ಮು ಬಂದರೆ ಕಂಬಳಿಯ ತುದಿಯನ್ನು ಬಾಯಿಗೆ ಒತ್ತಿಕೊಂಡು ತಡೆದ. ಅವಳು ಕೇಳಿದಳು, ನಾನು ಹೇಳಿದೆ, ಅವನು ಕೇಳಿಸಿಕೊಂಡ. ಹೀಗೆ ನಾಲ್ಕು ದಿನ ನಡೆಯಿತು. ಐದನೆಯ ದಿನ ಮುದುಕಿ ಹೋದ ಮೇಲೆ ಅವನು ಬಾಗಿಲ ಹತ್ತಿರ ಬಂದು ಹೊಸ್ತಿಲ ಮೇಲೆ ಒಂದು ಕಾಗದದ ಪೊಟ್ಟಣ ಇಟ್ಟ.

"ಬೆಂಡು ಬತ್ತಾಸು" ಎಂದ. "ಕೂಸು ಎದ್ದ ಮ್ಯಾಲೆ ಕೊಡು."

ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಆ ಪೊಟ್ಟಣವನ್ನು ಮುಟ್ಟಲು ನನಗೆ ಧೈರ್ಯವಾಗಲಿಲ್ಲ. ಸಂಜೆ ಗಂಡ ಬಂದಾಗ ಅದು ಇರುವೆ ಮುತ್ತಿ ಅಲ್ಲೇ ಇತ್ತು. ಕೇಳಿದರು, ಎಲ್ಲವನ್ನೂ ಹೇಳಿದೆ. ಅವರು ತಲೆಯೆತ್ತಿ ತೊಲೆಯ ಬಳೆಯನ್ನು ನೋಡಿದರು.

"ಈ ಮನೆ ಬಿಡೋಣ ಅಂತೀಯಾ?"

"ಬಿಟ್ರೆ ಆ ಮುದುಕಿ ಬಂದು ಬೀಗ ಹಾಕಿದ ಬಾಗ್ಲ ಮುಂದೆ ಕೂಗ್ತಾಳೆ" ಎಂದೆ.

"ಹಂಗಾದ್ರೆ ನೀನೇ ಹೇಳ್ಬೇಕು. ನಾನು ಹೇಳಿದ್ರೆ ಆಗಲ್ಲ. ಸುಳ್ಳು ನಿನ್ನ ದನಿಯಾಗೆ ಹೋಗೈತೆ."

ಮಾರನೆಯ ದಿನ ಯಜಮಾನನೂ ಮುದುಕಿಯೂ ಬಂದರು. ಮುದುಕಿ ಗಡಿಗೆ ಇಳಿಸಿ ಬಾಯಿ ತೆರೆಯುವ ಮೊದಲೇ ನಾನು ಬಾಗಿಲನ್ನು ಪೂರ್ತಿ ತೆಗೆದೆ.

"ಅವ್ವ, ನಾನು ಆಕೆ ಅಲ್ಲ. ನಾನು ಬಾಡಿಗೆಗೆ ಬಂದೋಳು. ಆಕೆ ಇಲ್ಲ. ಯಜಮಾನ್ರ ಮಗ, ಸೊಸೆ, ಎರಡೂ ಮಕ್ಳು, ಯಾರೂ ಇಲ್ಲ. ಹೋದ ವರ್ಷನೇ ರೋಗದಾಗೆ ಹೋದ್ರು."

ಮುದುಕಿ ನನ್ನ ದನಿಯ ಕಡೆಗೆ ಮುಖ ತಿರುಗಿಸಿ ನಿಂತಳು. ಅವಳ ಕೈ ಗಡಿಗೆಯ ಅಂಚಿನ ಮೇಲೆ ಸುತ್ತುತ್ತಿತ್ತು.

"ಹಲ್ಲು ಬಂದಾವೆ ಅಂದೆ."

"ಅಂದೆ."

"ಮೊದಲ್ನೇ ದಿನ ಯಾಕೆ ಹೇಳ್ಲಿಲ್ಲ?"

ಒಂಟಿಯಾಗಿದ್ದೆ ಎಂಬ ಮಾತು ಬಾಯಿವರೆಗೆ ಬಂದರೂ ಅವಳೆದುರು ಅದನ್ನು ಆಡಲು ನಾಚಿಕೆಯಾಯಿತು.

"ಎಲ್ಲಿ ಮಣ್ಣು ಮಾಡ್ಯಾರೆ?" ಎಂದು ಕೇಳಿದಳು.

ಜಗಲಿಯ ತುದಿಯಿಂದ ಯಜಮಾನ ಮಾತಾಡಿದ. "ನನಗೆ ಗೊತ್ತಿಲ್ಲ."

ಅಲ್ಲಿ ಇನ್ನೊಬ್ಬರಿದ್ದಾರೆಂದು ಮುದುಕಿಗೆ ಆಗಲೇ ತಿಳಿದದ್ದು. ಬೆಚ್ಚಿದಳು.

"ನಾನು ಈ ಮನೆ ಯಜಮಾನ, ಸತ್ತೋನ ಅಪ್ಪ" ಎಂದ ಅವನು. "ರಾಂಪುರದ ಸಂತೆಗೆ ಕಂಬಳಿ ಹೇರ್ಕೊಂಡು ಹೋಗಿದ್ದೆ. ಕಂಕುಳಾಗೆ ಗಡ್ಡೆ ಎದ್ದೈತೆ ಬಾ ಅಂತ ಮಗ ಹೇಳಿ ಕಳಿಸಿದ. ಗಾಡಿ ಕಟ್ಟಿದೆ. ತಳಕಿನವರೆಗೂ ಬಂದೆ. ಅಲ್ಲಿಂದ ಎತ್ತು ತಿರುಗಿಸ್ಕೊಂಡು ವಾಪಸ್ ಹೋದೆ. ಅಂಜಿದೆ. ತಿಂಗಳು ಬಿಟ್ಟು ಬಂದೆ. ಯಾರನ್ನೂ ಕೇಳ್ಲಿಲ್ಲ ಎಲ್ಲಿ ಅಂತ. ಕೇಳಿದ್ರೆ, ನೀನೆಲ್ಲಿದ್ದೆ ಅಂತ ಅವರೂ ಕೇಳ್ತಾರಲ್ಲ."

ರಸ್ತೆಯಲ್ಲಿ ಒಂದು ಗಾಡಿ ಹೋಯಿತು. ನಾನು ಅವನನ್ನು ದುಃಖದಿಂದ ಬುದ್ಧಿ ಮಂಕಾದ ಮುದುಕ ಎಂದುಕೊಂಡಿದ್ದೆ. ಅವನು ದಿನಾ ಬಂದು ಕುಳಿತದ್ದು ಮೊಮ್ಮಗುವಿನ ಸುದ್ದಿಗಲ್ಲ, ಅಂದು ತಳಕಿನಿಂದ ಎತ್ತು ತಿರುಗಿಸದೇ ಮನೆಗೆ ಬಂದಿದ್ದರೆ ತನಗೆ ಸಿಗುತ್ತಿದ್ದ ಒಂದು ಬೆಳಗಿಗೆ ಎಂದು ಆಗ ಅನ್ನಿಸಿತು.

ಮುದುಕಿ ಕೋಲನ್ನು ಅವನ ಕಡೆ ಚಾಚಿದಳು. "ಗುಡ್ಲು ಹಾಕಿದ್ದು ಯಾವ ಹೊಲದಾಗೆ?"

"ಕೆರೆ ಆಚೆ ಅಂತಾರೆ."

"ಹಿಡ್ಕೋ ಮತ್ತೆ. ನನಗೆ ಕಣ್ಣಿಲ್ಲ, ನಿನಗೆ ಕಾಲಿಲ್ಲ. ಹೋಗಿ ಕೇಳೋಣ. ಹೂತೋರು ಯಾರಾದ್ರೂ ಇರ್ತಾರೆ."

ಅವನು ಕೋಲಿನ ಇನ್ನೊಂದು ತುದಿ ಹಿಡಿದ. ಗಡಿಗೆಯನ್ನು ಜಗಲಿಯ ಮೇಲೇ ಬಿಟ್ಟು ಇಬ್ಬರೂ ಬಿಸಿಲಿನಲ್ಲಿ ನಡೆದರು. ಅವರು ಕರಿಜಾಲಿ ಮರಗಳ ಮರೆಗೆ ಹೋಗುವವರೆಗೂ ನಿಂತು ನೋಡಿದೆ. ಹೂತ ಜಾಗ ಸಿಕ್ಕಿತಂತೆ. ಯಜಮಾನ ಅಲ್ಲಿ ನಾಲ್ಕು ಕಲ್ಲು ನಿಲ್ಲಿಸಿದನೆಂದು ಗಂಡ ಕಚೇರಿಯಲ್ಲಿ ಕೇಳಿಬಂದು ಹೇಳಿದರು. ಆಮೇಲೆ ಅವನು ನಮ್ಮ ಜಗಲಿಗೆ ಬರಲಿಲ್ಲ, ಬಾಡಿಗೆಯನ್ನು ಗಂಡನೇ ಅವನ ಅಂಗಡಿಗೆ ಮುಟ್ಟಿಸುತ್ತಿದ್ದರು.

ಮುದುಕಿ ಹದಿನೈದು ದಿನ ಬಿಟ್ಟು ಬಂದಳು. "ಬಾಡಿಗೆ ಮನೆಯವ್ವಾ" ಎಂದು ಕೂಗಿದಳು. ಮಜ್ಜಿಗೆ ಹೊಯ್ದಳು, ಜೋಳ ಕಟ್ಟಿಕೊಂಡಳು, ಹೋದಳು. ಕುಶಲ ಕೇಳಲಿಲ್ಲ. ನಾನಾಗಿ ಏನಾದರೂ ಹೇಳಿದರೆ "ಹೂಂ" ಎನ್ನುತ್ತಿದ್ದಳು. ಸುಳ್ಳುಗಾರರ ಮಾತಿಗೆ ಎಲ್ಲರೂ ಅನ್ನುವ ಹೂಂ ಅದು.

ನಾವು ಆ ಮನೆಯಲ್ಲೇ ಉಳಿದೆವು. ಮುಂದಿನ ವರ್ಷ ನನಗೆ ಹೆಣ್ಣುಮಗುವಾಯಿತು. ಬಾಣಂತನ ಮುಗಿಸಿ ತವರಿನಿಂದ ಬಂದ ಮಾರನೆಯ ದಿನ ಬಾಗಿಲ ಹತ್ತಿರ ನಿಂತು ಹೇಳಿದೆ.

"ಅವ್ವ, ನನಗೆ ಕೂಸು ಹುಟ್ಟೈತೆ."

"ಹೂಂ" ಎಂದಳು. ಪಾತ್ರೆಗೆ ಮಜ್ಜಿಗೆ ಹೊಯ್ಯುತ್ತಲೇ ಇದ್ದಳು.

ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದೆ. ಜಗಲಿಗೆ ಇಳಿದು ಅವಳ ಪಕ್ಕ ಕುಳಿತು, ಮಗುವಿನ ಪಾದವನ್ನು ಅವಳ ಅಂಗೈಯಲ್ಲಿಟ್ಟೆ. ಮುದುಕಿಯ ಕೈ ಮೊದಲು ಹಿಂದಕ್ಕೆ ಸರಿಯಿತು. ಆಮೇಲೆ ಬಂದು ಹಿಮ್ಮಡಿ ಹಿಡಿಯಿತು. ಐದೂ ಬೆರಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಕಾಲು ತಣ್ಣಗೈತೆ" ಎಂದಳು. "ಗಾಳಿಗೆ ಯಾಕೆ ತಂದೆ? ಒಳಗೆ ಕರ್ಕೊಂಡು ಹೋಗು."