ಕೂತು ಮಲಗುವವರು

ಕುಣಿಗಲ್ಲಿನ ನನ್ನ ತವರಿನಲ್ಲಿ ಇಲಿ ಎಂದರೆ ಬೋನು, ಬೋನಿನೊಳಗೆ ಒಂದು ಚೂರು ಕೊಬ್ಬರಿ, ಬೆಳಿಗ್ಗೆ ಒಂದು ಬಕೆಟ್ ನೀರು. ಅಷ್ಟೇ ಸಂಬಂಧ. ಅಂಥವಳು ನಲವತ್ತಾರನೇ ವಯಸ್ಸಿನಲ್ಲಿ, ತುಮಕೂರಿನ ಶೆಟ್ಟಿಹಳ್ಳಿಯ ಮನೆಯಲ್ಲಿ, ಎರಡು ಇಲಿಗಳ ನಿದ್ದೆ ಕೆಡಬಾರದೆಂದು ಮಿಕ್ಸಿ ಹಾಕುವ ಮುಂಚೆ ಅಡುಗೆಮನೆ ಬಾಗಿಲು ಮುಚ್ಚುವವಳಾದೆ. ಕಾಲೇಜಿನ ಲೈಬ್ರರಿಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳು ಇದಕ್ಕೆ ಕಾರಣ. ಅವಳಿಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಆಟೋದಲ್ಲಿ ಒಂದು ಗಾಜಿನ ತೊಟ್ಟಿ ತಂದು ನಮ್ಮ ಹಾಲಿನಲ್ಲಿ ಇಳಿಸಿ, "ಒಂದೇ ತಿಂಗ್ಳು ಮೇಡಂ, ಮನೆ ಸಿಕ್ಕಿದ್ ತಕ್ಷಣ ಬಂದು ತಗೊಂಡೋಗ್ತೀನಿ" ಎಂದಳು. ಆ ತಿಂಗಳು ಇನ್ನೂ ಮುಗಿದಿಲ್ಲ.

ಅವು ಜರ್ಬಿಲ್‌ಗಳು. ಇಲಿಯ ಜಾತಿಯೇ, ಆದರೆ ಬಾಲದ ತುಂಬ ಕೂದಲು, ತುದಿಯಲ್ಲಿ ಕಪ್ಪು ಕುಚ್ಚು, ಹಿಂಗಾಲು ಉದ್ದ. ಮೂಲತಃ ಮರಳುಗಾಡಿನ ಪ್ರಾಣಿಯಂತೆ. ತೊಟ್ಟಿಯೊಳಗೆ ಮರದ ಹೊಟ್ಟು, ಹರಿದ ಪೇಪರು, ಹುಲ್ಲು ತುಂಬಿಸಿದರೆ ಅದರಲ್ಲೇ ಸುರಂಗ ಕೊರೆದು ಬದುಕುತ್ತವೆ. ಹೆದರಿದರೆ ಹಿಂಗಾಲಿನಿಂದ ನೆಲ ಬಡಿಯುತ್ತವೆ, ದಬದಬ ಎಂದು. ಆ ಚಿಕ್ಕ ದೇಹಕ್ಕೆ ಅಷ್ಟು ದೊಡ್ಡ ಸದ್ದು ಎಲ್ಲಿಂದ ಬರುತ್ತದೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮನೆಯಲ್ಲಿದ್ದವರು ಮೂವರು: ನಾನು, ನನ್ನ ಗಂಡ, ಎಪ್ಪತ್ತೆಂಟರ ನನ್ನ ಅತ್ತೆ. ಮಾವ ತೀರಿಕೊಂಡ ಮೇಲೆ ಅತ್ತೆ ಗುಬ್ಬಿ ಹತ್ತಿರದ ತೋಟದ ಮನೆಯನ್ನು ಹಿರಿಯ ಮಗನಿಗೆ ಬಿಟ್ಟು ನಮ್ಮ ಜೊತೆ ಬಂದಿದ್ದರು. ಬೆಳಿಗ್ಗೆ ಆರಕ್ಕೆ ಸ್ನಾನ, ಅಂಗೈಯಲ್ಲಿ ಲಿಂಗಪೂಜೆ, ಆಮೇಲೆ ಕಾಫಿ, ಆಮೇಲೆ ನನ್ನ ಅಡುಗೆಯ ಬಗ್ಗೆ ಒಂದೆರಡು ಮಾತು. ಇಲಿಗಳನ್ನು ನೋಡಿದ ದಿನ ಅವರು ಮೂಗು ಮುರಿದು, "ಮಕ್ಳಿಲ್ಲದ ಮನೆಗೆ ಇಲೀನೇ ತಂದ್ಯಾ?" ಎಂದರು. ನನಗೆ ಉರಿದುಹೋಯಿತು. ಮೂರು ದಿನ ಅವರ ಸಾರಿಗೆ ಉಪ್ಪು ಕಡಿಮೆ ಹಾಕಿದೆ.

ಆದರೆ ಹಗಲೆಲ್ಲ ಮನೆಯಲ್ಲಿರುತ್ತಿದ್ದವರು ಅವರೇ. ಒಂದು ವಾರದಲ್ಲೇ ಇಲಿಗಳ ನಿದ್ದೆಯ ವರದಿ ಅವರಿಂದಲೇ ಬರತೊಡಗಿತು. ಜರ್ಬಿಲ್‌ಗಳು ನಮ್ಮಂತೆ ರಾತ್ರಿಯೆಲ್ಲ ಮಲಗುವುದಿಲ್ಲ, ಮನೆಯ ಇಲಿಗಳಂತೆ ರಾತ್ರಿಯೆಲ್ಲ ಓಡಾಡುವುದೂ ಇಲ್ಲ. ಒಂದೆರಡು ಗಂಟೆ ಮಲಗುತ್ತವೆ, ಒಂದೆರಡು ಗಂಟೆ ಎದ್ದು ಕೊರೆಯುತ್ತವೆ, ಮತ್ತೆ ಮಲಗುತ್ತವೆ. ಸೆಕೆಯಿದ್ದರೆ ಅಂಗಾತ ಬಿದ್ದುಕೊಳ್ಳುತ್ತವೆ. ಚಳಿಯಿದ್ದರೆ ಕೂತೇ ಮಲಗುತ್ತವೆ, ಬೆನ್ನು ಬಗ್ಗಿಸಿ, ತಲೆಯನ್ನು ಹಿಂಗಾಲುಗಳ ನಡುವೆ ತೂರಿಸಿ, ಬಾಲವನ್ನು ಸುತ್ತಿಕೊಂಡು. ಮೊದಲ ಸಲ ಹಾಗೆ ಕೂತಿದ್ದನ್ನು ಕಂಡಾಗ ಅತ್ತೆ ಗಾಜಿನ ಹತ್ತಿರಕ್ಕೆ ಬಗ್ಗಿ, "ನಮ್ಮೋರ್ನ ಕೂರ್ಸ್ದಂಗೇ ಕೂತದೆ ನೋಡು" ಎಂದರು. ನನಗೂ ಅದೇ ಅನಿಸಿತ್ತು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಕಾಲು ಮಡಚಿ, ಕೂರಿಸಿ, ವಿಭೂತಿ ಹಚ್ಚಿ, ಕೂತ ಹಾಗೆಯೇ ಮಣ್ಣಿಗಿಳಿಸುತ್ತೇವೆ. ಹಾಗಾಗಿ ಸಾವಿನ ಮನೆಯಲ್ಲಿ ಅಳುವುದಕ್ಕಿಂತ ಮುಂಚೆ ಒಂದು ಅವಸರ ಇರುತ್ತದೆ. ಮೈ ಬಿಗಿಯುವುದರೊಳಗೆ ಕೂರಿಸಬೇಕು. ಉಸಿರು ನಿಂತಿತು ಎಂದ ಕೂಡಲೇ ಯಾರಾದರೂ ಒಬ್ಬರು "ಕೂರ್ಸಿ, ಕೂರ್ಸಿ" ಎಂದು ಅಂದೇ ಅನ್ನುತ್ತಾರೆ.

ಡಿಸೆಂಬರಿನಲ್ಲಿ ಹಾಲಿಗೆ ಸುಣ್ಣ ಬಳಿಸುತ್ತಿದ್ದೆವೆಂದು ತೊಟ್ಟಿಯನ್ನು ಹಿತ್ತಲಿನ ಬಟ್ಟೆ ಒಗೆಯುವ ಜಾಗದಲ್ಲಿ, ಬರೀ ಸಿಮೆಂಟಿನ ಮೇಲೆ ಇಟ್ಟೆ. ಕೆಳಗೆ ಒಂದು ಗೋಣಿಚೀಲ ಹಾಸಬೇಕೆಂದು ನನಗೆ ಹೊಳೆಯಲಿಲ್ಲ. ಮಾರನೆಯ ದಿನ ಹನ್ನೊಂದು ಗಂಟೆಗೆ ಲೈಬ್ರರಿಗೆ ಅತ್ತೆಯ ಫೋನು ಬಂತು.

"ಒಂದು ಹೋಯ್ತು ಕಣಮ್ಮ. ಮುಟ್ಟಿದ್ರೆ ತಣ್ಣಗೆ ಐತೆ, ಅಲ್ಲಾಡ್ಸಿದ್ರೂ ಅಲ್ಲಾಡಲ್ಲ. ನೀನೇನೂ ಗಾಬ್ರಿಯಾಗ್ಬೇಡ, ಎಲ್ಲಾ ಮಾಡಿದೀನಿ."

ಎಲ್ಲಾ ಎಂದರೆ ಏನೆಂದು ಅರ್ಧ ದಿನ ರಜೆ ಹಾಕಿ ಮನೆಗೆ ಬಂದ ಮೇಲೆ ಗೊತ್ತಾಯಿತು. ಅದು ಕೂತ ಹಾಗೆಯೇ ತಣ್ಣಗಾಗಿದ್ದರಿಂದ ಅತ್ತೆಗೆ ಕೆಲಸ ಸುಲಭವಾಗಿತ್ತು. ಹಣೆಗೆ ವಿಭೂತಿ ಹಚ್ಚಿದ್ದರು. ಅರ್ಧ ತೆಂಗಿನ ಚಿಪ್ಪಿನಲ್ಲಿ ಕೂರಿಸಿ, ಮೇಲೊಂದು ಬಿಲ್ವದ ಎಲೆ ಇಟ್ಟು, ಇನ್ನರ್ಧ ಚಿಪ್ಪು ಮುಚ್ಚಿ, ಕರಿಬೇವಿನ ಗಿಡದ ಪಕ್ಕ ಒಂದು ಗೇಣು ಮಣ್ಣು ತೆಗೆದು ಇಟ್ಟಿದ್ದರು. ಮೇಲೆ ಒಂದು ತಂಬಿಗೆ ಗುರುತಿಗೆ. ಇಲಿಗೆ ಮೂಗು ಮುರಿದವರು ಇಲಿಗೆ ಸಮಾಧಿ ಮಾಡಿದ್ದರು. ಅದನ್ನು ನೋಡಿ ನನಗೆ ನಗು ಬಂತು, ಆದರೂ ತಂಬಿಗೆಯ ಸುತ್ತ ಮಣ್ಣು ಸರಿಮಾಡಿದೆ.

ಮೂರು ಗಂಟೆಯ ಬಿಸಿಲು ಹಿತ್ತಲಿನಲ್ಲಿ ಚೆನ್ನಾಗಿ ಬಿದ್ದಿತ್ತು. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ತೊಟ್ಟಿಯಲ್ಲಿ ಉಳಿದಿದ್ದ ಇನ್ನೊಂದು ಇದ್ದಕ್ಕಿದ್ದಂತೆ ನೆಲ ಬಡಿಯಲು ಶುರುಮಾಡಿತು. ನಿಲ್ಲಿಸಿತು. ಮತ್ತೆ ಬಡಿಯಿತು. ಅದು ನಿಲ್ಲಿಸಿದಾಗ ಬೇರೆ ಕಡೆಯಿಂದ ಸದ್ದು ಬಂತು, ತುಂಬಾ ಸಣ್ಣದು, ತಟತಟ ಎಂದು, ನೆಲದ ಒಳಗಿನಿಂದ. ಗುರುತಿಗೆ ಇಟ್ಟಿದ್ದ ತಂಬಿಗೆ ನಾವು ನೋಡುತ್ತಿದ್ದಂತೆಯೇ ಒಂದು ಕಡೆ ವಾಲಿತು. ಮಣ್ಣು ಕದಲಿತು, ಬಿರುಕು ಬಿಟ್ಟಿತು. ಆ ಬಿರುಕಿನಿಂದ ಮೊದಲು ಮೂಗು ಬಂತು, ಆಮೇಲೆ ತಲೆ. ಹಣೆಯ ಮೇಲೆ ವಿಭೂತಿ ಹಾಗೇ ಇತ್ತು.

ನಾನು ಚೀರಿದೆ. ಅತ್ತೆ ಚೀರಲಿಲ್ಲ. ಅವರ ಮಡಿಲಿನ ಅವರೆಕಾಯೆಲ್ಲ ಕೆಳಗೆ ಚೆಲ್ಲಿದ್ದು ಅವರಿಗೆ ಗೊತ್ತಾಗಲೇ ಇಲ್ಲ. "ಉಸಿರಿತ್ತಾ? ಉಸಿರಿತ್ತಾ ಕಣೇ ಅದಕ್ಕೆ?" ಎಂದು ಅದನ್ನೇ ಕೇಳುತ್ತಿದ್ದರು.

ಆ ಹುಡುಗಿಗೆ ಫೋನು ಮಾಡಿ ಸ್ಪೀಕರ್ ಹಾಕಿದೆ. ಅವಳು ಬೈದಳು. "ಚಳಿಗೆ ಹಾಗಾಗತ್ತೆ ಮೇಡಂ. ಮೈ ತಣ್ಣಗಾಗಿ, ಉಸಿರು ಕಾಣ್ದಷ್ಟು ನಿಧಾನ ಆಗತ್ತೆ. ಸತ್ತಿದ್ರೆ ಮೈ ಬಿಗೀತಿತ್ತು. ಮೆತ್ತಗಿತ್ತು ಅಂದ್ರೆ ಕಾಯ್ಬೇಕಿತ್ತು. ಕೈಯಲ್ಲಿ ಬೆಚ್ಚಗೆ ಹಿಡ್ಕೊಂಡು ಕಾಯೋದಪ್ಪ." ಅತ್ತೆ ಅಷ್ಟನ್ನೂ ಕೇಳಿಸಿಕೊಂಡು ಎದ್ದು ಒಳಗೆ ಹೋದರು. ಆ ರಾತ್ರಿ ಊಟ ಮಾಡಲಿಲ್ಲ.

ಮಾರನೆಯ ದಿನ ಹೂ ಕಟ್ಟುತ್ತಾ, ನನ್ನ ಮುಖ ನೋಡದೆ ಹೇಳಿದರು.

"ನಿಮ್ ಮಾವನ್ನ ಅರ್ಧ ಗಂಟೇಲಿ ಕೂರ್ಸುದ್ರು. ಮಂಡಿ ಮಡಚಿದ್ರೆ ಸಲೀಸಾಗಿ ಮಡಚ್ಕೊಂತು. ಎಲ್ಲಾರೂ ಪುಣ್ಯಾತ್ಮ, ಎಷ್ಟ್ ಸುಲಭವಾಗಿ ಕೂತ್ಕೊಂಡ ಅಂದ್ರು. ನನಗೆ ರೆಪ್ಪೆ ಅಲ್ಲಾಡಿದಂಗಾಯ್ತು. ಯಾರಿಗೂ ಹೇಳ್ಲಿಲ್ಲ. ಹೆಂಗಸು ಅಳ್ತಾವ್ಳೆ, ಭ್ರಾಂತು ಅಂತಾರೆ ಅಂತ ಸುಮ್ನಾದೆ." ದಾರ ಬಿಗಿದು ಕಟ್ಟಿದರು. "ಮೆತ್ತಗಿದ್ರು ಕಣೇ ಅವರು."

ಅಂಥದ್ದೇನೂ ಆಗಿರಲ್ಲ ಅತ್ತೆ, ಡಾಕ್ಟರು ನೋಡಿದ್ರಲ್ವಾ ಎಂದೆ. ಡಾಕ್ಟರು ಯಾರೂ ನೋಡಿರಲಿಲ್ಲ. ಹತ್ತೊಂಬತ್ತು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇವರು ದಿನಾ ಕಾಫಿ ಕುಡಿದಿದ್ದಾರೆ, ನನ್ನ ಸಾರಿಗೆ ಹೆಸರಿಟ್ಟಿದ್ದಾರೆ ಎಂದುಕೊಂಡೆ.

"ನನ್ನ ಮಾತ್ರ ಅವಸರದಲ್ಲಿ ಕೂರ್ಸ್ಬೇಡಿ. ನನ್ ಮಕ್ಳಿಗೆ ಹೇಳಕ್ಕಾಗಲ್ಲ, ನಿನಗೆ ಹೇಳ್ತಿದೀನಿ. ಯಾರೇನೇ ಅನ್ಲಿ, ನಿನಗೆ ಖಾತ್ರಿ ಆಗೋವರ್ಗೂ ಕಾಯಿ."

ಆಯ್ತು ಎಂದೆ. ಕೈಮೇಲೆ ಕೈಯಿಟ್ಟು ಹೇಳು ಎಂದರು. ಇಟ್ಟು ಹೇಳಿದೆ.

ಮಣ್ಣಿನಿಂದ ಬಂದ ಜರ್ಬಿಲ್‌ಗೆ ತೊಟ್ಟಿಯಲ್ಲಿ ಜಾಗ ಸಿಗಲಿಲ್ಲ. ಮೈಯ ವಾಸನೆ ಬದಲಾದರೆ ಅವು ಒಡಹುಟ್ಟಿದವರನ್ನೂ ಸೇರಿಸುವುದಿಲ್ಲವಂತೆ. ಇನ್ನೊಂದು ಅದನ್ನು ಕಂಡ ಕೂಡಲೇ ನೆಲ ಬಡಿದು, ಅಟ್ಟಿಸಿಕೊಂಡು ಹೋಗಿ ಕಚ್ಚಿತು. ನಡುವೆ ಜಾಲರಿ ಹಾಕಿದೆವು. ಅಂದಿನಿಂದ ಅದು ಹೊಟ್ಟಿನ ಒಳಗೆ ಹೋಗಿ ಮಲಗಲೇ ಇಲ್ಲ. ಎಷ್ಟೇ ಚಳಿಯಿರಲಿ ಮೇಲೆಯೇ, ಬೆಳಕಿನಲ್ಲಿಯೇ, ಒಂದು ಕಣ್ಣು ಅರೆ ತೆರೆದುಕೊಂಡು ಕೂತು ಮಲಗುತ್ತಿತ್ತು. ಅತ್ತೆ ಅದರ ಎದುರಿಗೆ ಕುರ್ಚಿ ಹಾಕಿಕೊಂಡು ಕೂರತೊಡಗಿದರು.

ನಿಧಾನವಾಗಿ ಅವರ ನಿದ್ದೆಯೂ ಹಾಗೇ ಆಯಿತು. ಒಂದೂವರೆ ಗಂಟೆ ಮಲಗುವುದು, ಏಳುವುದು, ಮನೆಯೆಲ್ಲ ಓಡಾಡುವುದು, ಮತ್ತೆ ಒಂದೂವರೆ ಗಂಟೆ. ಮಲಗುವುದೂ ಕುರ್ಚಿಯಲ್ಲಿಯೇ, ತಲೆ ಎದೆಗೆ ಬಾಗಿಸಿಕೊಂಡು. ಭಾನುವಾರದ ಮಧ್ಯಾಹ್ನ ನಾನು ಹಾದುಹೋಗುವಾಗಲೆಲ್ಲ ನಿಂತು ಅವರ ಸೆರಗು ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದೆ. ಕಾಣದಿದ್ದರೆ ಮೂಗಿನ ಹತ್ತಿರ ಕೈಯ ಹಿಂಭಾಗ ಹಿಡಿಯುತ್ತಿದ್ದೆ. ಕಣ್ಣು ತೆರೆಯದೆಯೇ "ಇದೀನಿ ಕಣೇ" ಎನ್ನುತ್ತಿದ್ದರು. ಹಾಗೆ ಎಷ್ಟೋ ಸಲ. ಒಂದೊಂದು ಸಲ ನಾನು ಇನ್ನೂ ಕೈ ಚಾಚಿಯೇ ಇರುತ್ತಿರಲಿಲ್ಲ, ಆಗಲೇ ಅನ್ನುತ್ತಿದ್ದರು. ಆ ಮನೆಯಲ್ಲಿ ನಾನು ಒಬ್ಬಳೇ ಇರಲು ಹೆದರುತ್ತಿದ್ದ ದಿನಗಳು ಅವು, ಒಬ್ಬಳೇ ಇಲ್ಲದಿದ್ದರೂ.

ಮಾರನೆಯ ವರ್ಷ ಮಾರ್ಚಿನ ಒಂದು ಭಾನುವಾರ, ಊಟವಾದ ಮೇಲೆ ಅತ್ತೆ ಕುರ್ಚಿಗೆ ಹೋಗದೆ ಮಂಚಕ್ಕೆ ಹೋದರು. ಒಂದು ಗಂಟೆಗೆ ನಾನು ಮೂಗಿನ ಹತ್ತಿರ ಕೈ ಹಿಡಿದೆ. ಅವರು ಏನೂ ಹೇಳಲಿಲ್ಲ.

ಬೀದಿಯ ತುದಿಯ ಡಾಕ್ಟರು ಬಂದು ನಾಡಿ ನೋಡಿ, ಕಣ್ಣಿಗೆ ಟಾರ್ಚ್ ಬಿಟ್ಟು, ಹೋಗಿದ್ದಾರೆ ಎಂದರು. ಎರಡೂವರೆಗೆ ಗುಬ್ಬಿಯಿಂದ ಭಾವ, ಅಂದರೆ ನನ್ನ ಗಂಡನ ಅಣ್ಣ, ನೆಂಟರನ್ನೂ ಕ್ರಿಯೆ ಮಾಡಿಸುವ ಮಠದ ಅಯ್ನೋರನ್ನೂ ಕರೆದುಕೊಂಡು ಬಂದರು. ಚಪ್ಪಲಿ ಬಿಡುತ್ತಲೇ ಕೇಳಿದರು.

"ಇನ್ನೂ ಮಲಗ್ಸೇ ಇದೀರಾ? ಬಿಗಿದ್ಕೊಂಬುಡುತ್ತೆ. ಎತ್ರೋ, ಕೂರ್ಸಿ."

ನಾನು ಮಂಚದ ಮೇಲೆ ಹತ್ತಿ ಅತ್ತೆಯ ಪಕ್ಕ ಕೂತುಬಿಟ್ಟೆ. "ಸ್ವಲ್ಪ ಹೊತ್ತು ಕಾಯಿರಿ ಭಾವ" ಎಂದೆ. ಯಾಕೆ ಎಂದರು. ಮಾತು ಕೊಟ್ಟಿದ್ದನ್ನು ಹೇಳಿದೆ. ಮಾವನ ವಿಷಯ ಹೇಳಲಿಲ್ಲ, ಅದನ್ನು ಆ ಮಗನಿಗೆ ಹೇಳುವ ಕಟುಕತನ ನನ್ನಲ್ಲಿರಲಿಲ್ಲ.

"ಡಾಕ್ಟ್ರು ಹೇಳಿದ್ಮೇಲೆ ನಿಂದೇನಮ್ಮ? ಹುಚ್ಚು ಹಿಡಿದೈತಾ?"

ಇಬ್ಬರು ಹೆಂಗಸರು ಅತ್ತೆಯ ಭುಜಕ್ಕೆ ಕೈಹಾಕಿ ಎಬ್ಬಿಸಲು ನೋಡಿದರು. ಮೈ ಮಗ್ಗುಲಾಯಿತು. ಆಗ ಅತ್ತೆಯ ಬಾಯಿಂದ ಉದ್ದನೆಯ ಒಂದು ನಿಟ್ಟುಸಿರು ಬಂತು. ಎಲ್ಲರಿಗೂ ಕೇಳಿಸಿತು. ಹೆಂಗಸರು ಕೈಬಿಟ್ಟು ಗೋಡೆಗೆ ಹೋಗಿ ನಿಂತರು. ಭಾವನ ಮುಖದಲ್ಲಿ ರಕ್ತವಿರಲಿಲ್ಲ. ಒಳಗೆ ಉಳಿದ ಗಾಳಿ, ಹಾಗೆ ಬರೋದುಂಟು ಎಂದು ಅಯ್ನೋರು ಹೇಳಿದರು, ಹೇಳಿದ ಮೇಲೆ ಅವರೂ ಹತ್ತಿರ ಬರಲಿಲ್ಲ. ನನ್ನ ಗಂಡ ಬಾಗಿಲಲ್ಲಿ ನಿಂತು ಮೊದಲ ಸಲ ಬಾಯಿಬಿಟ್ಟರು. "ಕಾಯೋಣ ಬಿಡಣ್ಣ."

ಕಾದೆವು. ಅವರ ಅಂಗೈ ನನ್ನ ಕೈಯಲ್ಲಿತ್ತು. ಬೆರಳು ತಣ್ಣಗಿದ್ದವು, ಹೊದಿಕೆಯೊಳಗೆ ಹೊಟ್ಟೆ ಇನ್ನೂ ಬೆಚ್ಚಗಿತ್ತು. ಮೈಯೆಲ್ಲ ಮೆತ್ತಗಿತ್ತು. ನನಗೆ ಎರಡು ಸಲ ರೆಪ್ಪೆ ಅಲ್ಲಾಡಿದಂತಾಯಿತು. ಎರಡು ಸಲವೂ ಮುಖದ ಹತ್ತಿರಕ್ಕೆ ಬಗ್ಗಿ, "ಅತ್ತೆ, ಇದೀರಾ?" ಎಂದು ಕೇಳಿದೆ. ಹಾಲಿನಲ್ಲಿ ಹತ್ತಾರು ಜನ ಉಸಿರು ಬಿಗಿಹಿಡಿದು ಉತ್ತರಕ್ಕೆ ಕಾಯುತ್ತಿದ್ದರು. ನಾಲ್ಕು ಗಂಟೆಯ ಹೊತ್ತಿಗೆ ದವಡೆ ಬಿಗಿಯಿತು. ಆಮೇಲೆ ಕುತ್ತಿಗೆ, ಮೊಣಕೈ. ಹೊರಗೆ ಯಾರೋ ನನ್ನ ತವರಿನ ಬಗ್ಗೆ ಏನೋ ಅಂದದ್ದು ಕಿವಿಗೆ ಬಿತ್ತು. ಐದೂವರೆಗೆ ನಾನು ಅವರ ಮಂಡಿಯ ಕೆಳಗೆ ಕೈಹಾಕಿ ಎತ್ತಿದೆ. ಮಡಚಲಿಲ್ಲ. ಇಡೀ ಕಾಲು ನೆಟ್ಟಗೆ ಮೇಲೆ ಬಂತು.

ಆಗ ನನಗಾದದ್ದು ದುಃಖವಲ್ಲ. ಸಮಾಧಾನ. ಎಂಥ ಸಮಾಧಾನವೆಂದರೆ, ನಕ್ಕುಬಿಟ್ಟೆನೋ ಏನೋ, ನಕ್ಕೆ ಎಂದೇ ಇವತ್ತಿಗೂ ಎಲ್ಲರೂ ಹೇಳುತ್ತಾರೆ. "ಈಗ ಹೋಗಿದಾರೆ. ಈಗ ಕೂರ್ಸಿ" ಎಂದೆ.

ಕೂರಿಸುವುದು ಸುಲಭವಾಗಲಿಲ್ಲ. ಬಿಸಿನೀರಿನಲ್ಲಿ ಅದ್ದಿದ ಟವೆಲ್ ಸುತ್ತಿದರು, ಎಣ್ಣೆ ಹಚ್ಚಿ ತಿಕ್ಕಿದರು, ಆಮೇಲೆ ನಾಲ್ಕು ಜನ ಹಿಡಿದು ಒತ್ತಿದರು. ಬೆನ್ನಿಗೆ ಆತುಕೊಂಡು ಕೂತವಳು ನಾನು. ಮಂಡಿಯ ಸದ್ದು ಎರಡು ಸಲ ಬಂತು, ಒಂದು ಬಲಗಾಲು, ಒಂದು ಎಡಗಾಲು. ಭಾವ ಆ ಸದ್ದಿಗೆ ಕಿವಿ ಮುಚ್ಚಿಕೊಂಡು ಹೊರಗೆ ಹೋಗಿ ಕಾಂಪೌಂಡಿಗೆ ತಲೆಯಿಟ್ಟು ಅತ್ತರು. ಅವರು ಅಂದಿನಿಂದ ನನ್ನ ಜೊತೆ ಮಾತಾಡಿಲ್ಲ. ಗುಬ್ಬಿಯ ಕಡೆಯವರಿಗೆಲ್ಲ ನಾನು ಅತ್ತೆಯ ಮಂಡಿ ಮುರಿಸಿದ ಸೊಸೆ. ಅದನ್ನು ನಾನು ಅಲ್ಲಗಳೆದಿಲ್ಲ. ಮುರಿಸಿದ್ದು ಹೌದು.

ಮಾರನೆಯ ಬೆಳಿಗ್ಗೆ ತೋಟದಲ್ಲಿ ಗುಣಿ ತೆಗೆದಿದ್ದರು. ಒಬ್ಬೊಬ್ಬರೇ ಬಂದು ಒಂದು ಹಿಡಿ ಮಣ್ಣು ಹಾಕಿ, ಹಾಕಿದ ಕೂಡಲೇ ಸರಸರನೆ ಹಿಂದೆ ಸರಿಯುತ್ತಿದ್ದರು. ಆ ನಿಟ್ಟುಸಿರು ಅವರೆಲ್ಲರ ಕಿವಿಯಲ್ಲಿ ಇನ್ನೂ ಇತ್ತೆಂದು ಕಾಣುತ್ತದೆ. ನನ್ನ ಸರದಿ ಬಂದಾಗ ನಾನು ಎರಡು ಕೈ ತುಂಬ ಮಣ್ಣು ತೆಗೆದುಕೊಂಡು, ಅಂಚಿನಲ್ಲಿ ಮಂಡಿಯೂರಿ, ಅವರ ಮುಖ ನೋಡುತ್ತಲೇ ಹಾಕಿದೆ. ಅಷ್ಟು ಜನರಲ್ಲಿ ಕೈ ನಡುಗದೆ ಮಣ್ಣು ಹಾಕಿದವಳು ನಾನೊಬ್ಬಳೇ.