ನಿಂಗವ್ವ ತೊಳೆದ ಎಲುಬು

ಖಾನಾಪುರದ ನಿಂಗವ್ವನಿಗೆ ಸ್ವಚ್ಛತೆಯ ಹುಚ್ಚು. ಸೋಡಾ ಹಾಕಿ ಕುದಿಸಿದ ನೀರು ಕಾಣದೆ ಅವಳ ಮನೆಯ ಒಂದು ಬಟ್ಟೆಯೂ ಹಗ್ಗ ಏರುತ್ತಿರಲಿಲ್ಲ. "ನಿನ್ನ ಕೈಯಾಗ ಅಂಗಿ ವರ್ಷ ಬಾಳೂದಿಲ್ಲ ಬಿಡವ್ವಾ" ಎಂದು ಮಗ ಸುಮಿತ ಚೇಷ್ಟೆ ಮಾಡುತ್ತಿದ್ದ.

ಒಂದು ಮಳೆಗಾಲ ಅವನು ಅಣಬೆ ಕೀಳಲು ಲೋಂಡಾದ ಕಾಡಿಗೆ ಹೋದ. ತುಂಬಿದ ಹಳ್ಳ ದಾಟುವಾಗ ಕಾಲು ಜಾರಿ, ಜೊತೆಯವರ ಕಣ್ಣೆದುರೇ ಕೊಚ್ಚಿಹೋದ. ಎಷ್ಟು ಹುಡುಕಿದರೂ ಸಿಗಲಿಲ್ಲ.

ಎರಡು ಮಳೆಗಾಲ ಕಳೆದವು. ದನ ಕಾಯುವ ಲಕ್ಷ್ಮಪ್ಪ ಹಳ್ಳದ ದಂಡೆಯಲ್ಲಿ ಸಿಕ್ಕ ನಾಲ್ಕಾರು ಎಲುಬುಗಳನ್ನು, ಸುಮಿತನವೇ ಇರಬೇಕೆಂದು, ಚೀಲದಲ್ಲಿ ಕಟ್ಟಿಕೊಂಡು ನೇರ ಅವಳ ಬಾಗಿಲಿಗೇ ಬಂದ. ಪೊಲೀಸರಿಗೆ ಹೇಳಬೇಕೆಂದು ಆ ಪುಣ್ಯಾತ್ಮನಿಗೂ ಹೊಳೆಯಲಿಲ್ಲ, ಇವಳಿಗೂ ಹೊಳೆಯಲಿಲ್ಲ. ನಿಂಗವ್ವ ಚೀಲವನ್ನು ಎದೆಗವಚಿಕೊಂಡು ಅತ್ತಳು. ಲಿಂಗಾಯತರಲ್ಲಿ ಸತ್ತವರಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ ಮಣ್ಣು ಮಾಡುವುದು ಪದ್ಧತಿ. ಕೆಸರು ಮೆತ್ತಿದ ಮಗನನ್ನು ಹಾಗೇ ಕಳಿಸಲು ಅವಳ ಕರುಳು ಒಪ್ಪಲಿಲ್ಲ. ಹಂಡೆ ನೀರಿಗೆ ಸೋಡಾ ಸುರಿದು ಕುದಿಸಿ, ಎಲುಬು ಬೆಳ್ಳಗಾಗುವವರೆಗೂ ಅದರಲ್ಲಿಟ್ಟು ತಿಕ್ಕಿದಳು.

ಸುದ್ದಿ ತಿಳಿದು ಪೊಲೀಸರು ಬಂದರು. ಇದು ಸುಮಿತನೇ ಎಂಬುದಕ್ಕೆ ಗುರುತೇನು? ಡಿಎನ್‌ಎ ಪರೀಕ್ಷೆಯಲ್ಲಿ ತಾಯಿಯ ರಕ್ತಕ್ಕೆ ಹೊಂದಿದರೆ ಮಾತ್ರ ಕೊಡುವುದು ಎಂದು ಎಲುಬುಗಳನ್ನು ಒಯ್ದರು.

ಎಷ್ಟೋ ದಿನಗಳ ಮೇಲೆ ಬೆಳಗಾವಿಯ ಪ್ರಯೋಗಾಲಯದಿಂದ ಕರೆ ಬಂತು. ಪರೀಕ್ಷೆ ಮಾಡಿದ ತ್ರಿಶಲಾ ಅವಳನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು: "ಅವ್ವಾ, ಎಲುಬು ಯಾತರಾಗ ತೊಳದೀರಿ?"

"ಸೋಡಾ ನೀರಾಗ, ಕುದಿಸಿ. ಯಾಕ್ರಿ ಬಾಯಾರ?"

ತ್ರಿಶಲಾ ತಲೆ ತಗ್ಗಿಸಿದಳು. "ಡಿಎನ್‌ಎ ಅಂದ್ರ ಉದ್ದನ್ನ ದಾರ ಇದ್ದಂಗ್ರಿ. ಗಟ್ಟಿ ಇತ್ತಂದ್ರ ಸೋಡಾಕ್ಕ ಅಷ್ಟ ಜಲ್ದಿ ಹರಿಯೂದಿಲ್ಲ. ಇದು ಕಾಡಿನ ಹಸಿಯೊಳಗ ಬಿದ್ದು ಅಲ್ಲಲ್ಲಿ ಸವದಿತ್ತು. ಸುಡು ಸೋಡಾ ತಾಗಿದ ಕೂಡ್ಲೆ ಸವದಲ್ಲೆಲ್ಲಾ ತುಂಡಾಗೇತಿ. ಓದಾಕ ಏನೂ ಉಳದಿಲ್ರಿ."

"ತೊಳೀದಿದ್ರ ಗೊತ್ತಾಗತಿತ್ತೇನ್ರಿ?"

ಒಂದು ಸುಳ್ಳು ಹೇಳಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಸುಳ್ಳಾಡಲು ತ್ರಿಶಲಾಗೆ ಬಾಯಿ ಬರಲಿಲ್ಲ. "ಗೊತ್ತಾಗಬಹುದಿತ್ರಿ."

ನಿಂಗವ್ವ ಕೈ ಮುಗಿದಳು. "ಯಾವ ತಾಯಿ ಮಗನರ ಇರ್ಲಿ, ನನಗ ಕೊಡ್ರಿ. ನಮ್ಮ ಹೊಲದಾಗ ಮಣ್ಣು ಮಾಡ್ತೀನಿ."

"ಗುರುತು ಸಿಗಲಾರದ್ದು ಕೊಡಾಕ ಬರೂದಿಲ್ರಿ ಅವ್ವಾ."

ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

"ಹಳ್ಳ ಒಯ್ದಿದ್ದನ್ನ ಕಾಡು ತಿರುಗಿ ಕೊಟ್ಟಿತ್ರಿ" ಎಂದಳು. "ಮನಿಗೆ ಬಂದಾವನ್ನ ನಾನ ಕಳದ್ನಿ."