ಮಂಡಿಯೂರಿ ಕಾದ ನರ್ಸಬಾಯಿ

ನರ್ಸಬಾಯಿಯವರ ಬಲಗೈ ಹೆಬ್ಬೆರಳು ನೆಟ್ಟಗಾಗುತ್ತಿರಲಿಲ್ಲ. ಔರಾದ, ಭಾಲ್ಕಿಯ ದವಾಖಾನೆಗಳಲ್ಲಿ ವರ್ಷಗಟ್ಟಲೆ ಸೂಜಿ ಒತ್ತಿ ಒತ್ತಿ ಒಳಕ್ಕೆ ಬಾಗಿಬಿಟ್ಟಿತ್ತು. ಪ್ರಾರ್ಥನೆಗೆ ಕೈ ಜೋಡಿಸಿದಾಗ ಉಳಿದ ಬೆರಳುಗಳು ಸಾಲಾಗಿ ನಿಂತರೆ, ಅದೊಂದು ತಲೆ ತಗ್ಗಿಸಿಕೊಂಡಿರುತ್ತಿತ್ತು.

ನಿವೃತ್ತರಾದ ಮೇಲೆ ಅವರು ಬೀದರಿನ ನೌಬಾದದಲ್ಲಿ, ನಮ್ಮ ಓಣಿಯಲ್ಲೇ ಮನೆ ಮಾಡಿದರು. ಶುಕ್ರವಾರ ಸಂಜೆ ನಾಲ್ಕಾರು ಕ್ರೈಸ್ತ ಮನೆಯವರು ಅವರ ಫರಸಿ ಕಲ್ಲಿನ ನೆಲದ ಮೇಲೆ ಮಂಡಿಯೂರುತ್ತಿದ್ದೆವು. ನಮ್ಮ ಕಷ್ಟಸುಖ ಆಮೇಲೆ, ಮೊದಲು ಜಗತ್ತು. ಟಿವಿಯಲ್ಲಿ ಕಂಡ ಯುದ್ಧಗಳನ್ನು ಅವರು ರೋಗಿಗಳ ಹಾಗೆ ವಿಚಾರಿಸಿಕೊಳ್ಳುತ್ತಿದ್ದರು. ರಷ್ಯಾದ ಅಧ್ಯಕ್ಷರಿಗೆ, ಉಕ್ರೇನಿನ ಅಧ್ಯಕ್ಷರಿಗೆ, ಇಸ್ರೇಲಿನವರಿಗೆ, ಗಾಜಾದವರಿಗೆ, ಎಲ್ಲರಿಗೂ ಒಂದೇ ದನಿ.

"ಬಾಂಬ್ ಹಾಕಾವ್ರಿಗೂ ಯಾಕ್ರೀ ಪ್ರಾರ್ಥನಿ?" ಎಂದು ಒಮ್ಮೆ ಕೆಣಕಿದೆ.

"ಔರಾದದಾಗ ಹೊಡೆದಾಟ ಆದ್ರ ಎರಡೂ ಪಾರ್ಟಿ ನನ್ನ ವಾರ್ಡಿಗೇ ಬರ್ತಿದ್ವು. ಹೊಡದಾವಗೂ ಹೊಲಿಗಿ, ಹೊಡಸ್ಕೊಂಡಾವಗೂ ಹೊಲಿಗಿ. ಹೊಡದಾವ ಒದರೋದು ಜಾಸ್ತಿ, ಅಷ್ಟೇ ಫರಕ."

ಆಗ ನನಗೂ ಪಕ್ಕದ ಮನೆಯ ನನ್ನ ತಮ್ಮನಿಗೂ ಮಾತು ನಿಂತು ವರ್ಷಗಳಾಗಿದ್ದವು. ಇಬ್ಬರ ಮನೆಗಳ ನಡುವಿನ ದಾರಿಗೆ ಚಾಚಿಕೊಳ್ಳುವಂತೆ ಅವನು ಮೆಟ್ಟಿಲು, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಪಾವಟಿಗೆ, ಕಟ್ಟಿಸಿದ್ದ. ಪ್ರಾರ್ಥನೆಗೆ ಇಬ್ಬರೂ ಬರುತ್ತಿದ್ದೆವು. ಅವನು ಬಾಗಿಲ ಬಳಿ, ನಾನು ಗೋಡೆಯ ಬಳಿ.

ಒಂದು ಶುಕ್ರವಾರ ದೇಶಗಳಿಗಾಗಿ ಪ್ರಾರ್ಥಿಸುವ ಸರದಿ ನನ್ನದು. ಕಣ್ಣು ಮುಚ್ಚಿ ದನಿ ಏರಿಸಿದೆ: "ಕರ್ತನೇ, ನೆರೆಯವರ ಗಡಿ ಒತ್ತುವ ಅರಸರ ಸೊಕ್ಕು ಮುರಿ. ಅವರ ಕೈ ಸೇದಿಹೋಗಲಿ. ಅವರು ಕಟ್ಟಿದ ಪಾವಟಿಗೆಗಳು ಬಿದ್ದುಹೋಗಲಿ."

ಯಾರೋ ಕಿಸಕ್ಕೆಂದರು. ತಮ್ಮ ಎದ್ದು ಚಪ್ಪಲಿ ಮೆಟ್ಟಿ ಹೊರಟೇಹೋದ.

"ಬ್ರದರ್," ಎಂದರು ನರ್ಸಬಾಯಿ, "ಪಾವಟಿಗಿ ಕಟ್ಟೋ ಅರಸ ಯಾವ ದೇಶದಾಂವ್ರಿ?"

ನಾನು ಗಡಬಡಿಸಿ 'ಆಮೆನ್' ಎಂದೆ.

"ಪ್ರಾರ್ಥನಿ ಮುಗದಿಲ್ಲ. ಹೋಗಿ ಅವನ್ನ ಕರ್ಕೊಂಡ ಬರ್ರಿ. ಅಲ್ಲೀತನಕ ನಾ ಏಳಂಗಿಲ್ಲ."

ಹೊರಬಿದ್ದೆ. ಈಗ ಹೇಳಬೇಕಾದ ಮಾತು ಇದು: ನಾನು ತಮ್ಮನ ಮನೆಗೆ ಹೋಗಲಿಲ್ಲ. ರಸ್ತೆಯ ಹೋಟೆಲಿನಲ್ಲಿ ಕೂತು ಶುಂಠಿ ಚಹಾ ಹೇಳಿದೆ. ಮುದುಕಿಗೆ ಕಾಲು ನೋಯಲಿ, ತಾನೇ ಏಳುತ್ತಾಳೆ ಎಂದುಕೊಂಡು ಇನ್ನೊಂದು ಕಪ್ಪೂ ಕುಡಿದೆ. ಆಕೆ ಏಳುವವರಲ್ಲ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಕೂತಿದ್ದೆ. ಕೊನೆಗೆ ಮೂರನೆಯ ಕಪ್ಪು ಹೇಳುವ ಬದಲು ದುಡ್ಡು ಕೊಟ್ಟೆ. ಎದ್ದು ಹೋಗಿ ತಮ್ಮನ ಬಾಗಿಲು ಬಡಿದೆ.

"ಯಾಕ ಬಂದಿ? ನನ್ನ ಕೈ ಸೇದಿಹೋಯ್ತೋ ಇಲ್ಲೋ ನೋಡಾಕ?"

"ನರ್ಸಬಾಯಿ ಇನ್ನಾ ಮಂಡಿ ಮ್ಯಾಲೆ ಅದಾರಪಾ. ಬಾ. ನಂದೇ ತಪ್ಪು."

ನಾವು ಹೋದಾಗ ಅವರು ಗೋಡೆ ಹಿಡಿದುಕೊಂಡಿದ್ದರು, ಮುಖವೆಲ್ಲ ಬೆವರು. ಬೈಯಲಿಲ್ಲ. "ಶಾಪ ಹಾಕಿದಷ್ಟೇ ಜೋರಾಗಿ ಈಗ ತಮ್ಮನ ಹೆಸರ ಹಿಡದು ಆಶೀರ್ವಾದ ಬೇಡ್ರಿ," ಎಂದರು. ಬೇಡಿದೆ. ಪಾವಟಿಗೆ ಇಂದಿಗೂ ಅಲ್ಲೇ ಇದೆ. ಸಂಜೆ ಇಬ್ಬರೂ ಅದರ ಮೇಲೆಯೇ ಕೂರುತ್ತೇವೆ.

ನರ್ಸಬಾಯಿಯವರ ಒಂದು ಮಂಡಿ ಆ ದಿನ ಬಾತದ್ದು ಸರಿಹೋಗಲೇ ಇಲ್ಲ. ಕುರ್ಚಿಯ ಮೇಲೆ ಕೂತೇ ಪ್ರಾರ್ಥಿಸತೊಡಗಿದರು. ಹೋದ ಚಳಿಗಾಲ ತೀರಿಕೊಂಡರು. ಪೆಟ್ಟಿಗೆಗೆ ನಾನೊಂದು ಕಡೆ, ತಮ್ಮನೊಂದು ಕಡೆ ಹೆಗಲು ಕೊಟ್ಟೆವು. ಮಣ್ಣು ಕೊಟ್ಟು ಬರುವಾಗ ಅವನಿಗೆ ಚಹಾದ ಮಾತು ಹೇಳಿಬಿಟ್ಟೆ.

"ಗೊತ್ತದ ಬಿಡು. ಅವತ್ತು ನಿನ್ನ ಬಾಯಾಗ ಶುಂಠಿ ವಾಸನಿ ಹೊಡೀತಿತ್ತು. ನರ್ಸಬಾಯಿಗೂ ಗೊತ್ತಾಗಿತ್ತು. 'ಕೇಳಬ್ಯಾಡ, ಬಂದಾನಲ್ಲ' ಅಂದಿದ್ರು."

ಈಗ ಶುಕ್ರವಾರದ ಪ್ರಾರ್ಥನೆ ನಮ್ಮ ಮನೆಯಲ್ಲಿ. ಯುದ್ಧದ ಎರಡೂ ಕಡೆಯ ಮುಖಂಡರ ಹೆಸರು ಹಿಡಿದು ಬೇಡುತ್ತೇನೆ. "ಇಂಥಾವ್ರು ಬದಲಾಗ್ತಾರೇನ್ರಿ?" ಎಂದು ಯಾರಾದರೂ ಕೇಳಿದರೆ ನನಗೆ ಸಂದೇಹವೇ ಬರುವುದಿಲ್ಲ. ನನ್ನಂಥವನೇ ಎದ್ದು ಹೋಗಿ ಬಾಗಿಲು ಬಡಿದಿದ್ದಾನೆ.